ಅಮ್ಮನಿಗೊಂದು ಟೈಂಟೇಬಲ್

ಮಾಲೂರಿನ ನಮ್ಮ ಹೈಸ್ಕೂಲಿನಲ್ಲಿ ಪ್ರತಿ ವರ್ಷ ಟೈಂಟೇಬಲ್ ಹಾಕುವ ಕೆಲಸ ನನ್ನ ತಲೆಗೇ ಬರುತ್ತದೆ. ಮೊದಲ ವರ್ಷ ಚೆನ್ನಾಗಿ ಮಾಡಿಕೊಟ್ಟಿದ್ದೇ ತಪ್ಪಾಯಿತು. ಗಣಿತದ ಮೇಷ್ಟ್ರಿಗೆ ಊಟದ ನಂತರ ಕ್ಲಾಸು ಬೇಡ, ಹಿಂದಿ ಮೇಡಮ್ಮಿಗೆ ಮೊದಲ ಪೀರಿಯಡ್ಡು ಬೇಡ, ಪಿ.ಟಿ. ಮೇಷ್ಟ್ರಿಗೆ ಬಿಸಿಲು ಬೇಡ. ಬೇಡದ್ದನ್ನು ಎಲ್ಲರಿಗೂ ಸಮನಾಗಿ ಹಂಚಿ, ಎಲ್ಲರ ಕೈಲೂ ಸಮನಾಗಿ ಬೈಸಿಕೊಳ್ಳುವುದೇ ಟೈಂಟೇಬಲ್ಲು ಎಂದು ನಾನು ಬೇಗ ಕಲಿತೆ. ಅದಕ್ಕೇ ಇರಬೇಕು, ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಹಂಚುವ ಕೆಲಸವೂ ನನ್ನ ಪಾಲಿಗೇ ಬಂತು.

ನಾವು ಮೂವರು. ನಾನು ದೊಡ್ಡವಳು, ಕೋಲಾರದಲ್ಲಿ ಮನೆ, ದಿನಾ ಬಸ್ಸಿನಲ್ಲಿ ಮಾಲೂರಿಗೆ ಹೋಗಿ ಬರುತ್ತೇನೆ. ತಮ್ಮ ದನಗಳ ಡಿಪ್ಲೊಮಾ ಓದಿದವನು, ನ್ಯೂಜಿಲೆಂಡಿನ ಒಂದು ಹಾಲಿನ ಫಾರಂನಲ್ಲಿದ್ದಾನೆ. ಬೈರಕೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಎರಡು ಸೀಮೆಹಸು ಕರೆಯಲು ಸೋಮಾರಿತನ ಮಾಡುತ್ತಿದ್ದವನು ಈಗ ನಾನೂರು ಹಸು ನೋಡಿಕೊಳ್ಳುತ್ತಾನೆ. ತಂಗಿ ನರ್ಸು, ಐರ್ಲೆಂಡಿನ ಒಂದು ಆಸ್ಪತ್ರೆಯಲ್ಲಿ. ಅಪ್ಪ ತೀರಿಕೊಂಡ ವರ್ಷವೇ, ಬೆಳೆಯಲ್ಲಿ ಪಾಲು ಕೊಡಲೆಂದು ಹೊಲವನ್ನು ಚಿಕ್ಕಪ್ಪನಿಗೆ ವಾರಕ್ಕೆ ಬಿಟ್ಟು, ಒಂದು ಟ್ರಂಕು, ಒಂದು ಮಂಚ ತೆಗೆದುಕೊಂಡು ಅಮ್ಮ ನನ್ನ ಮನೆಗೆ ಬಂದಳು. ನಮ್ಮದು ಎರಡು ರೂಮಿನ ಮನೆ. ಒಂದರಲ್ಲಿ ನಾನು, ನನ್ನ ಮನೆಯವರು. ಇನ್ನೊಂದು ನನ್ನ ಮಗಳದು, ಅದರಲ್ಲಿ ಅಮ್ಮನ ಮಂಚ ಹಾಕಿದೆವು.

"ಅಮ್ಮ ಎಲ್ಲರ ಹತ್ರಾನೂ ಇರ್ಲಿ ಅಕ್ಕಾ. ನಿನ್ನೊಬ್ಬಳ ಮೇಲೆ ಯಾಕೆ ಭಾರ?" ಎಂದ ತಮ್ಮ.

"ನೀನು ಹೇಗೆ ಹೇಳ್ತೀಯೋ ಹಾಗೆ. ನಾವು ಮಾತೇ ಆಡಲ್ಲ" ಎಂದಳು ತಂಗಿ.

ಮಾತೇ ಆಡಲ್ಲ ಎಂದವರು ಆಮೇಲೆ ಎಷ್ಟು ಮಾತಾಡಿದರೆಂದರೆ ನನ್ನ ಫೋನು ಕೈಯಲ್ಲೇ ಬಿಸಿಯಾಗುತ್ತಿತ್ತು.

ಅಮ್ಮನಿಗೆ ಎಪ್ಪತ್ತೊಂದು. ಚಳಿ ಬಿದ್ದರೆ ಉಬ್ಬಸ ಬರುತ್ತದೆ, ಮಂಡಿ ಹಿಡಿದುಕೊಳ್ಳುತ್ತದೆ. ಆದ್ದರಿಂದ ಅವಳನ್ನು ಚಳಿಯಿಂದ ತಪ್ಪಿಸುವುದೇ ನನ್ನ ಮೊದಲ ನಿಯಮವಾಯಿತು. ಡಿಸೆಂಬರಿನಿಂದ ಮಾರ್ಚಿಯವರೆಗೆ ತಮ್ಮನ ಮನೆ, ಆಗ ಅಲ್ಲಿ ಬೇಸಿಗೆ. ಮೇ, ಜೂನ್, ಜುಲೈ ತಂಗಿಯ ಮನೆ, ಆಗ ಅಲ್ಲೂ ಬೇಸಿಗೆ, ಅವರು ಅದನ್ನು ಬೇಸಿಗೆ ಎಂದು ಕರೆಯುತ್ತಾರೆ. ಐರ್ಲೆಂಡಿನ ವೀಸಾ ಮೂರು ತಿಂಗಳಿಗಿಂತ ಒಂದು ದಿನ ಹೆಚ್ಚು ಕೊಡುವುದಿಲ್ಲ, ಅದಕ್ಕೂ ಸರಿಹೊಂದಿತು. ಎರಡು ಪ್ರಯಾಣಗಳ ನಡುವಿನ ಏಪ್ರಿಲ್, ಆಮೇಲೆ ಆಗಸ್ಟಿನಿಂದ ನವೆಂಬರಿನವರೆಗೆ ಕೋಲಾರ. ವರಮಹಾಲಕ್ಷ್ಮಿ ಬಂತು, ಗೌರಿ ಗಣೇಶ ಬಂತು, ದೀಪಾವಳಿ ಬಂತು. ಅಪ್ಪ ಲೈನ್‌ಮನ್ ಆಗಿದ್ದವನು, ಅವನ ಪಿಂಚಣಿ ಅಮ್ಮನಿಗೆ ಬರುತ್ತದೆ, ನವೆಂಬರಿನಲ್ಲಿ ಅವಳು ಹೋಗಿ ನಾನು ಬದುಕಿದ್ದೇನೆ ಎಂದು ಸಹಿ ಹಾಕಬೇಕು, ಅದೂ ಬಂತು. ಗೋಡೆಯ ಕ್ಯಾಲೆಂಡರಿನಲ್ಲಿ ಸ್ಕೇಲು ಹಿಡಿದು ಗೆರೆ ಎಳೆದು ಮುಗಿಸಿದಾಗ ನನಗೇ ನನ್ನ ಬೆನ್ನು ತಟ್ಟಿಕೊಳ್ಳುವಷ್ಟು ಸಂತೋಷವಾಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಮ್ಮ ಹೊರಟಾಗ ನನಗೆ ಅಳು ಬರುತ್ತಿತ್ತು, ನಿಜವಾದ ಅಳುವೇ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಅವಳನ್ನು ಬಿಟ್ಟು, ವಿಜಯಪುರ, ಎಚ್ ಕ್ರಾಸ್ ಮೇಲೆ ವಾಪಸು ಬರುವಾಗ ವೇಮಗಲ್ ಮುಟ್ಟುವ ಹೊತ್ತಿಗೆ ಅದು ಒಣಗಿರುತ್ತಿತ್ತು. ಕೋಲಾರ ತಲುಪುವಷ್ಟರಲ್ಲಿ ಹಗುರಾಗಿರುತ್ತಿದ್ದೆ. ಇನ್ನು ನಾಲ್ಕು ತಿಂಗಳು ಬೆಳಿಗ್ಗೆ ಅವಳಿಗೆ ಬೇರೆ ಮುದ್ದೆ ತೊಳಸಿಟ್ಟು ಬಸ್ಸಿಗೆ ಓಡಬೇಕಾಗಿಲ್ಲ, ಶಾಲೆಯಿಂದ ಮಾತ್ರೆ ನುಂಗಿದೆಯಾ ಎಂದು ಫೋನು ಮಾಡಬೇಕಾಗಿಲ್ಲ, ಮಗಳಿಗೂ ಅಜ್ಜಿಗೂ ಫ್ಯಾನಿನ ವಿಷಯದಲ್ಲಿ ಪಂಚಾಯಿತಿ ಮಾಡಬೇಕಾಗಿಲ್ಲ. ಅಮ್ಮನಿಗೆ ಫ್ಯಾನು ಬೇಡ, ಮಗಳಿಗೆ ಫ್ಯಾನಿಲ್ಲದೆ ಓದು ಹತ್ತದು. ಅಮ್ಮ ಹೊರಟ ಮಾರನೆಯ ದಿನವೇ ಮಂಚ ಬಿಚ್ಚಿ ಸಜ್ಜೆಗೆ ಏರಿಸಿ, ಆ ಜಾಗಕ್ಕೆ ಮಗಳ ಮೇಜು ಎಳೆಯುತ್ತಿದ್ದೆವು. ಒಂದು ಸಲ ಅಮ್ಮ ವಾಪಸು ಬಂದ ದಿನ ಮಂಚ ಇಳಿಸುವುದನ್ನೇ ಮರೆತಿದ್ದೆವು. "ನೆಲಾನೇ ವಾಸಿ ಬಿಡು, ಬೆನ್ನಿಗೆ ಒಳ್ಳೇದು" ಎಂದು ಅಮ್ಮ ಚಾಪೆ ಹಾಸಿಕೊಂಡು ಮಲಗಿದಳು. ನನಗೆ ಆಯಾಸ ಎಷ್ಟಿತ್ತೆಂದರೆ ಮಂಚ ಇಳಿಸಿದ್ದು ಮೂರು ದಿನದ ಮೇಲೆ, ಭಾನುವಾರ.

ಹೊರಡಿಸುವುದು ಸುಲಭದ ಕೆಲಸವಲ್ಲ. ಆರು ತಿಂಗಳ ಮೊದಲೇ ಶುರು. ವೀಸಾ ಫಾರಂ, ಹೊಲದ ಪಹಣಿ, ನನ್ನ ಸಂಬಳದ ಕಾಗದ, ಇವಳು ಖಂಡಿತ ವಾಪಸು ಬರುತ್ತಾಳೆ ಎಂದು ನಾನೇ ಬರೆದುಕೊಡುವ ಪತ್ರ. ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆ ತಿಂಗಳಿಗಿಷ್ಟು ಎಂದು ಎಣಿಸಿ, ಒಂದೊಂದು ತಿಂಗಳಿಗೆ ಒಂದೊಂದು ಕವರು. ನ್ಯೂಜಿಲೆಂಡಿನವರು ಒಂದು ಕಾಳು ಬೀಜ ಕಂಡರೂ ಬಿಡುವುದಿಲ್ಲವೆಂದು ತಮ್ಮ ನೂರು ಸಲ ಹೇಳಿದರೂ ಅಮ್ಮ ಸೆರಗಿನ ತುದಿಯಲ್ಲಿ ಹೀರೆ ಬೀಜ ಕಟ್ಟಿಕೊಂಡಿದ್ದಳು. ನಾನು ಬಾಗಿಲಲ್ಲೇ ಬಿಚ್ಚಿಸಿದೆ. ಅವಳು ಚೆನ್ನಾಗಿ ನಡೆಯುತ್ತಾಳೆ, ಆದರೂ ಟಿಕೆಟ್ಟಿನಲ್ಲಿ ಗಾಲಿಕುರ್ಚಿ ಬೇಕೆಂದು ಬರೆಸುತ್ತಿದ್ದೆ. ಕುರ್ಚಿಯಲ್ಲಿ ಕೂತರೆ ಇಂಗ್ಲಿಷು ಬೇಕಾಗುವುದಿಲ್ಲ, ತಳ್ಳುವವರು ಸರಿಯಾದ ಬಾಗಿಲಿಗೆ ಮುಟ್ಟಿಸುತ್ತಾರೆ. ಮೊದಲ ಸಲ ಅದರಲ್ಲಿ ಕೂರುವಾಗ ಅವಳ ಮುಖ ಸಣ್ಣದಾಗಿತ್ತು. "ಕಾಲು ಗಟ್ಟಿಗಿದ್ದೂ ಕೂತ್ಕೊಂಡು ಹೋಗೋದು ಅಪಶಕುನ ಕಣೇ" ಎಂದಳು. ಆದರೆ ಮಧ್ಯದಲ್ಲಿ ವಿಮಾನ ಬದಲಿಸುವ ಕಡೆ ಕುರ್ಚಿ ತಳ್ಳಿದವನು ಮದನಪಲ್ಲಿ ಕಡೆಯವನಂತೆ. ಅಮ್ಮ ತೆಲುಗಿನಲ್ಲಿ "ಏ ಊರು ನಾಯನಾ?" ಎಂದದ್ದೇ ತಡ, ಅವನ ಇಬ್ಬರು ಹೆಣ್ಣುಮಕ್ಕಳ ಮದುವೆಯ ಕಥೆಯೆಲ್ಲ ಗೇಟು ಬರುವುದರೊಳಗೆ ಮುಗಿದಿತ್ತು.

ಎರಡನೆಯ ಸಲ ನ್ಯೂಜಿಲೆಂಡಿನಿಂದ ಬಂದವಳು ಮೂರನೇ ದಿನಕ್ಕೆ ಜ್ವರ ಬಂದು ಮಲಗಿದಳು. ಡಾಕ್ಟರು ಮೂತ್ರದ ಸೋಂಕು ಎಂದರು, ನೀರು ಕುಡಿಯಲ್ವಾ ಎಂದು ಕೇಳಿದರು. ಮನೆಗೆ ಬಂದ ಮೇಲೆ ನಾನು ಕೆದಕಿ ಕೇಳಿದೆ. ವಿಮಾನದಲ್ಲಿ ಒಂದು ತೊಟ್ಟು ನೀರೂ ಕುಡಿಯುವುದಿಲ್ಲವಂತೆ. ಕುಡಿದರೆ ಬಚ್ಚಲಿಗೆ ಹೋಗಬೇಕು, ಆ ಮಡಚುವ ಬಾಗಿಲು ತಳ್ಳಿದರೂ ತೆಗೆಯದು, ಎಳೆದರೂ ತೆಗೆಯದು. ಮೊದಲ ಸಲ ಒಳಗೆ ಸಿಕ್ಕಿಹಾಕಿಕೊಂಡು ಬಾಗಿಲು ಬಡಿದಿದ್ದಳಂತೆ. ಮಿಕ್ಕ ಎಲ್ಲ ಪ್ರಯಾಣದಲ್ಲೂ ಬಾಯಿ ಕಟ್ಟಿ ಕೂತಿದ್ದಾಳೆ.

"ಯಾಕಮ್ಮಾ ಹೇಳ್ಲಿಲ್ಲ?"

"ಹೇಳಿದ್ರೆ ನೀನೇನು ಬಂದು ಬಾಗ್ಲು ತೆಗೀತಿದ್ಯಾ?" ಎಂದಳು.

ಹೀಗೆ ಎರಡು ಸುತ್ತು ಮುಗಿದು, ಕಳೆದ ಅಕ್ಟೋಬರಿನಲ್ಲಿ ಮೂರನೆಯ ಸುತ್ತಿಗೆ ಕ್ಯಾಲೆಂಡರು ಇಳಿಸುವ ಹೊತ್ತಿಗೆ ಎಲ್ಲ ಗೋಜಲಾಯಿತು. ತಂಗಿ ಎರಡನೆಯ ಸಲ ಬಸುರಿ. ಜನವರಿ ಮಧ್ಯಕ್ಕೆ ದಿನ ಕೊಟ್ಟಿದ್ದರು. ಜುಲೈನಲ್ಲಿ ಅಮ್ಮ ಅಲ್ಲೇ ಇದ್ದಳು, ಅವಳಿಗೆ ವಿಷಯ ಗೊತ್ತಿತ್ತು. ಆದರೆ ಐದು ತಿಂಗಳು ತುಂಬದೆ ಬಸುರಿನ ಸುದ್ದಿ ಹೊರಗೆ ಹಾಕಬಾರದೆಂದು ನಮ್ಮಲ್ಲಿ ಪದ್ಧತಿ. ಅಮ್ಮ ತುಟಿ ಬಿಚ್ಚಲಿಲ್ಲ, ತಂಗಿಯೂ ಬಿಚ್ಚಲಿಲ್ಲ. ನರ್ಸು ಅವಳು, ದಿನಕ್ಕೆ ಹತ್ತು ಬಸುರಿಯರನ್ನು ನೋಡುವವಳು, ಈ ವಿಷಯದಲ್ಲಿ ಮಾತ್ರ ಬೈರಕೂರು ಬಿಟ್ಟು ಒಂದು ಹೆಜ್ಜೆ ಆಚೆ ಹೋಗಿಲ್ಲ. ಇದೊಂದೂ ಗೊತ್ತಿಲ್ಲದ ತಮ್ಮ ಆಗಸ್ಟಿನಲ್ಲೇ ಡಿಸೆಂಬರಿನ ಟಿಕೆಟ್ಟು ತೆಗೆಸಿಬಿಟ್ಟಿದ್ದ. ಅತ್ತೆ ಬರುತ್ತಾರೆ, ಮಗುವನ್ನು ನೋಡಿಕೊಳ್ಳುತ್ತಾರೆ ಎಂದು ಅವನ ಹೆಂಡತಿ ಒಂದು ವೃದ್ಧಾಶ್ರಮದಲ್ಲಿ ಕೆಲಸ ಒಪ್ಪಿಕೊಂಡಾಗಿತ್ತು.

ಆಗ ನನಗೆ ದಿನವೂ ಎರಡು ಕಡೆಯಿಂದ ಫೋನು.

"ಬಾಣಂತನ ಅಂದ್ರೆ ತವರಿನವರದ್ದೇ ಅಲ್ವಾ ಅಕ್ಕಾ? ನಾನು ಇನ್ಯಾರನ್ನ ಕರೀಲಿ?" ಎಂದು ತಂಗಿ.

"ಆ ಚಳೀಲಿ ಅಮ್ಮನ್ನ ಕಳಿಸ್ತೀಯಾ? ಉಬ್ಬಸ ಬಂದ್ರೆ ಯಾರು ಜವಾಬ್ದಾರಿ? ನಿನ್ನ ರೂಲ್ಸು ನೀನೇ ಮುರೀತೀಯಾ?" ಎಂದು ತಮ್ಮ.

ಇಬ್ಬರಿಗೂ ಅಮ್ಮ ಬೇಕು. ಅಮ್ಮ ಬೇಕು ಎನ್ನುವುದರೊಳಗೆ ಕೆಲಸಕ್ಕೆ ಬೇಕು ಎನ್ನುವುದು ಎಷ್ಟು, ಪ್ರೀತಿಗೆ ಬೇಕು ಎನ್ನುವುದು ಎಷ್ಟು ಎಂದು ನಾನು ಕೇಳಲಿಲ್ಲ. ಕೇಳಿದರೆ ಅದೇ ಪ್ರಶ್ನೆ ನನ್ನ ಕಡೆಗೂ ತಿರುಗುತ್ತಿತ್ತು. ಮಗಳು ಈ ವರ್ಷ ಎರಡನೇ ಪಿ.ಯು.ಸಿ. ಮಾರ್ಚಿಯಲ್ಲಿ ಪರೀಕ್ಷೆ. ಅಮ್ಮ ಯಾರ ಮನೆಗಾದರೂ ಹೋಗಲಿ, ಡಿಸೆಂಬರಿನಿಂದ ಆ ರೂಮು ಖಾಲಿಯಾಗಲಿ. ಇದು ನನ್ನ ಮನಸ್ಸಿನಲ್ಲಿತ್ತು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ನನ್ನ ಮನೆಯವರಿಗೂ.

ಆ ದಿನಗಳಲ್ಲೇ ಒಂದು ಸಂಜೆ ಅಮ್ಮ ಮಾರ್ಕೆಟ್ಟಿನಿಂದ ಅರ್ಧ ಕೆ.ಜಿ. ಅವರೆಕಾಯಿ ತಂದು ಮೊರಕ್ಕೆ ಸುರಿದಳು. ಒಂದು ಕಾಯಿ ತೆಗೆದು ನನ್ನ ಮೂಗಿಗೆ ಹಿಡಿದಳು.

"ಮೂಸಿ ನೋಡು. ಸೊಗಡೇ ಇಲ್ಲ ಕಣೇ."

"ಇದು ವರ್ಷವೆಲ್ಲ ಬಿಡೋ ಕಾಯಿ ಅಮ್ಮ. ಸೊಗಡು ಬೇಕಂದ್ರೆ ಡಿಸೆಂಬರ್ ಬರಬೇಕು."

"ಡಿಸೆಂಬರಲ್ಲಿ ನಾನೆಲ್ಲಿರ್ತೀನಿ?" ಎಂದಳು.

ದೂರುವ ದನಿಯಲ್ಲಿ ಹೇಳಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು. ನಾನು ಎದ್ದು ಗೋಡೆಯ ಹತ್ತಿರ ಹೋಗಿ ಕ್ಯಾಲೆಂಡರಿನ ಹಾಳೆ ತಿರುವಿದೆ. ಡಿಸೆಂಬರ್, ಜನವರಿ, ಮಂಜು ಬಿದ್ದು ಅವರೆಗೆ ಸೊಗಡು ಏರುವ ಕಾಲ, ಅಮ್ಮ ನ್ಯೂಜಿಲೆಂಡ್. ಮೇ, ಜೂನ್, ಶ್ರೀನಿವಾಸಪುರದ ರಸ್ತೆಯುದ್ದಕ್ಕೂ ಮಾವಿನ ಹಣ್ಣಿನ ರಾಶಿ, ಅಮ್ಮ ಐರ್ಲೆಂಡ್. ಅಮ್ಮನ ತವರು ಶ್ರೀನಿವಾಸಪುರದ ಕಡೆ, ಮಾವಿನ ತೋಪಿನಲ್ಲೇ ಹುಟ್ಟಿ ಬೆಳೆದವಳು. ಹಬ್ಬಗಳನ್ನೆಲ್ಲ ಹೊಂದಿಸಿದ್ದೆ, ಪಿಂಚಣಿಯ ಸಹಿ ಹೊಂದಿಸಿದ್ದೆ. ನಮ್ಮ ಸೀಮೆಯಲ್ಲಿ ಬಾಯಿಗೆ ರುಚಿ ಇರುವುದೇ ಎರಡು ಕಾಲ, ಆ ಎರಡರಲ್ಲೂ ಅವಳನ್ನು ಊರು ಬಿಡಿಸಿದ್ದೆ. ನಾವಿಲ್ಲಿ ಹಿತಕಿದ ಬೇಳೆ ಸಾರು ಉಣ್ಣುತ್ತಾ ಅವಳಿಗೆ ವಿಡಿಯೋ ಕಾಲ್ ಮಾಡಿದ್ದೂ ನೆನಪಾಯಿತು. ಅವಳು ನಕ್ಕು, ನನ್ನ ಪಾಲಿಂದೂ ತಿನ್ನು ಎಂದಿದ್ದಳು.

"ಮೊದ್ಲೇ ಹೇಳಬಾರ್ದಾ ಅಮ್ಮ?"

"ಏನು ಹೇಳೋದು? ನೀನು ಅಷ್ಟು ಕಷ್ಟಪಟ್ಟು ಗೆರೆ ಎಳೆದಿದ್ಯಲ್ಲ" ಎಂದು ಅವಳು ಕಾಯಿ ಸುಲಿಯುತ್ತಾ ಕೂತಳು.

ನವೆಂಬರಿನ ಮೊದಲ ಭಾನುವಾರ ಮೂವರೂ ಒಟ್ಟಿಗೆ ಫೋನಿನಲ್ಲಿ ಕೂತೆವು. ನಮಗೆ ಹೊಂದುವ ಹೊತ್ತು ಒಂದೇ, ಇಲ್ಲಿ ಮಧ್ಯಾಹ್ನ ಒಂದು ಗಂಟೆ. ಆಗ ತಮ್ಮನಿಗೆ ರಾತ್ರಿಯೂಟ ಮುಗಿದಿರುತ್ತದೆ, ತಂಗಿಗೆ ನೈಟ್ ಡ್ಯೂಟಿ ಮುಗಿದಿರುತ್ತದೆ, ನನಗೆ ಅಡುಗೆ ಮುಗಿದಿರುತ್ತದೆ. ಮೂವರೂ ಸುಸ್ತಾಗಿರುವ ಹೊತ್ತಿನಲ್ಲಿ ಮಾತಿಗೆ ಕೂತರೆ ಏನಾಗಬೇಕೋ ಅದೇ ಆಯಿತು. ಕಳೆದ ಸಲ ನಿನ್ನ ಹತ್ರ ನಾಲ್ಕು ತಿಂಗಳಿದ್ದಳು, ನನ್ನ ಹತ್ರ ಮೂರೇ ಎಂದು ತಂಗಿ ತೆಗೆದಳು. ನಿನಗೆ ಮೊದಲ ಬಾಣಂತನವೂ ಅಮ್ಮನೇ ಮಾಡಿದ್ದು, ನನ್ನ ಮಗು ಹುಟ್ಟಿದಾಗ ಅಮ್ಮ ಎಲ್ಲಿದ್ದಳು ಎಂದು ತಮ್ಮ ತೆಗೆದ. ತಂಗಿ ಅತ್ತಳು. ತಮ್ಮನ ಹೆಂಡತಿ ಹಿಂದಿನಿಂದ ಏನೋ ಅಂದದ್ದು ಕೇಳಿಸಿತು. ನನಗೆ ತಲೆ ಚಿಟ್ಟು ಹಿಡಿಯಿತು.

"ಅಮ್ಮ ಏನು ಹಸುವೇನೋ, ಒಂದು ಹೊತ್ತು ಅವಳ ಮನೇಲಿ ಕರೆದು, ಒಂದು ಹೊತ್ತು ನಿನ್ನ ಮನೇಲಿ ಕರೆಯೋಕೆ?" ಎಂದು ಕಿರುಚಿದೆ. ಕಿರುಚಿ ಫೋನು ಮೇಜಿನ ಮೇಲೆ ಕುಕ್ಕಿದೆ.

ತಿರುಗಿ ನೋಡಿದರೆ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತಳು.

"ಯಾಕೆ ಹಂಗೆ ಬೈದೆ ಅವರನ್ನ? ಪಾಪ, ಕರೀತಾವೆ ಮಕ್ಳು."

"ನೀನೇ ಹೇಳಮ್ಮ ಈ ಸಲ. ನನ್ನ ಕೈಲಿ ಆಗಲ್ಲ. ನಿನಗೆ ಎಲ್ಲಿಗೆ ಹೋಗಬೇಕು ಅನ್ಸುತ್ತೆ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆ ನಾನು ಕೇಳಿದ್ದು ಅದೇ ಮೊದಲು. ಅಮ್ಮ ನನ್ನ ಮುಖ ನೋಡಿಕೊಂಡೇ ಹೇಳಿದಳು.

"ಅವಳು ಬಾ ಅಂತಾಳೆ. ಅವನೂ ಬಾ ಅಂತಾನೆ. ನೀನು ಹೋಗು ಅಂತೀಯ. ಒಂದು ಸಲಾನೂ ಇರು ಅಂದಿಲ್ವಲ್ಲ ಕಣೇ ನೀನು."

ಕೋಪವಿರಲಿಲ್ಲ, ಕಣ್ಣೀರೂ ಇರಲಿಲ್ಲ. ಊಟಕ್ಕೆ ಉಪ್ಪು ಹಾಕಿಲ್ವಲ್ಲ ಎನ್ನುವ ಹಾಗೆ ಅಂದಳು.

ಇರಮ್ಮ ಎನ್ನಬೇಕಿತ್ತು. ಒಂದೇ ಮಾತು, ಅದಕ್ಕೆ ವೀಸಾ ಬೇಡ, ಟಿಕೆಟ್ಟು ಬೇಡ. ಬಾಯಿ ತೆರೆದೆ ಕೂಡ. ಆ ಒಂದು ಗಳಿಗೆಯಲ್ಲಿ ನನ್ನ ತಲೆಯೊಳಗೆ ಓಡಿದ್ದು ಡಿಸೆಂಬರ್, ಜನವರಿ, ಫೆಬ್ರವರಿ, ಮಾರ್ಚಿ, ಮಗಳ ಪರೀಕ್ಷೆ, ಆ ರೂಮು, ಫ್ಯಾನು. ಟೈಂಟೇಬಲ್ ಹಾಕಿ ಹಾಕಿ ನನ್ನ ತಲೆಗೆ ಅದೇ ಚಾಳಿಯಾಗಿದೆ, ಯಾರಾದರೂ ಏನಾದರೂ ಕೇಳಿದರೆ ಮೊದಲು ಖಾಲಿ ಪೀರಿಯಡ್ಡು ಹುಡುಕುತ್ತದೆ. ಹೆಚ್ಚೆಂದರೆ ಎರಡು ಉಸಿರು ಎಳೆಯುವಷ್ಟು ಹೊತ್ತು. ಅಷ್ಟರಲ್ಲಿ ಅಮ್ಮ ನನ್ನ ಮುಖದಲ್ಲಿ ಎಲ್ಲವನ್ನೂ ಓದಿ ಮುಗಿಸಿದ್ದಳು.

"ಬಾಣಂತಿ ಹತ್ರಾನೇ ಹೋಗ್ತೀನಿ ಬಿಡು. ಸ್ವೆಟರ್ ಇದೆಯಲ್ಲ, ಚಳಿ ಏನು ಮಾಡುತ್ತೆ" ಎಂದು ಎದ್ದಳು. "ತಟ್ಟೆ ಹಾಕ್ಲಾ? ನೀನೂ ಉಂಡಿಲ್ಲ."

"ಇರಮ್ಮ" ಎಂದೆ ಆಗ. ನಿಜವಾಗಿ ಹೇಳಿದೆ, ಅವಳ ಕೈ ಹಿಡಿದುಕೊಂಡು ಹೇಳಿದೆ. "ಈ ವರ್ಷ ಎಲ್ಲೂ ಬೇಡ. ಇಲ್ಲೇ ಇರು."

"ಆಯ್ತು ಆಯ್ತು" ಎಂದು ಕೈ ಬಿಡಿಸಿಕೊಂಡು ತಟ್ಟೆ ತರಲು ಹೋದಳು. ಹೊತ್ತು ಮೀರಿ ಬಂದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು.

ಅವಸರದಲ್ಲಿ ಹಾಕಿದ ವೀಸಾ ಕೊನೆಯ ಗಳಿಗೆಯಲ್ಲಿ ಸಿಕ್ಕಿ, ಡಿಸೆಂಬರ್ ಮಧ್ಯದಲ್ಲಿ ಐರ್ಲೆಂಡಿಗೆ ಹೊರಟಳು. ತಮ್ಮ ಟಿಕೆಟ್ಟು ರದ್ದು ಮಾಡಿಸಿ ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟ. ನಾನು ಬಾಣಂತಿ ಖಾರ, ಒಣಕೊಬ್ಬರಿ, ರಾಗಿ ಹಿಟ್ಟು ಕಟ್ಟಿಕೊಟ್ಟೆ, ವಿಮಾನದಲ್ಲಿ ಜೊತೆಗಿರಲು ಅದೇ ಊರಿಗೆ ಹೊರಟಿದ್ದ ಒಬ್ಬ ಹೆಂಗಸನ್ನು ಹುಡುಕಿ, ಬಚ್ಚಲ ಬಾಗಿಲು ತೆಗೆದುಕೊಡಿ, ನೀರು ಕುಡಿಸಿ ಎಂದು ಕೈಮುಗಿದು ಕೇಳಿಕೊಂಡೆ. ಆ ದಿನ ಅಳು ವೇಮಗಲ್‌ನಲ್ಲಿ ನಿಲ್ಲಲಿಲ್ಲ.

ಜನವರಿಯಲ್ಲಿ ಹೆಣ್ಣು ಮಗು ಹುಟ್ಟಿತು. ಅಮ್ಮನಿಗೆ ಎರಡು ಸಲ ಉಬ್ಬಸ ಬಂತು, ತಂಗಿ ಮನೆಯಲ್ಲೇ ನೋಡಿಕೊಂಡಳು. ವೀಸಾ ಮುಗಿಯುವುದು ಮಾರ್ಚಿಯ ಮಧ್ಯಕ್ಕೆ, ಸರಿಯಾಗಿ ಮಗಳ ಪರೀಕ್ಷೆಗಳ ನಡುವೆ. ಏನಾದರಾಗಲಿ, ಅಮ್ಮ ನೇರವಾಗಿ ಮನೆಗೇ ಬರಲಿ, ಮಗಳು ನಮ್ಮ ರೂಮಿನಲ್ಲಿ ಓದಿಕೊಳ್ಳಲಿ, ನಾವು ಹಾಲ್‌ನಲ್ಲಿ ಮಲಗುತ್ತೇವೆ ಎಂದು ನಾನೂ ನನ್ನ ಮನೆಯವರೂ ಮಾತಾಡಿಕೊಂಡೆವು. ಫೆಬ್ರವರಿಯ ಒಂದು ಭಾನುವಾರ ಅದನ್ನು ಹೇಳೋಣವೆಂದು ಫೋನು ಮಾಡಿದೆ.

"ಟಿಕೆಟ್ ಹಾಕಿಸ್ತಾ ಇದೀನಮ್ಮ. ಮಾರ್ಚ್ ಹನ್ನೆರಡಕ್ಕೆ ನೀನು ಕೋಲಾರದಲ್ಲಿ."

"ಬೇಡ ಕಣೇ, ಹಾಕಿಸ್ಬೇಡ" ಎಂದಳು ಅಮ್ಮ. "ನಾನೇ ಅವನ ಹತ್ರ ಮಾತಾಡಿದೀನಿ. ಡಿಸೆಂಬರಿಗೇಂತ ಮಾಡ್ಸಿದ್ದ ವೀಸಾ ಇದೆಯಲ್ಲ, ಇಲ್ಲಿಂದ ಹಂಗೇ ಅವನ ಮನೆಗೆ ಹೋಗ್ತೀನಿ. ಅವನ ಮಗೂನೂ ನೋಡ್ದಂಗಾಗುತ್ತೆ."

ಟಿಕೆಟ್ಟು, ದಿನ, ತಿಂಗಳು ಇದೊಂದಕ್ಕೂ ಎಂದೂ ತಲೆ ಹಾಕದವಳು ತಾನೇ ಎಲ್ಲ ಗೊತ್ತುಮಾಡಿಕೊಂಡಿದ್ದಳು. ನಾನು ಬಾ ಎಂದೆ, ನಾಳೆಯೇ ಬಾ ಎಂದೆ, ಜಾಗ ಮಾಡಿದ್ದೇವೆ ಎಂದೆ. ಅವಳು ಎಲ್ಲದಕ್ಕೂ ಹೂಂಗುಟ್ಟಿದಳು. ಹಿಂದಿನಿಂದ ಮಗು ಅಳುವುದು ಕೇಳಿಸುತ್ತಿತ್ತು. ಆಮೇಲೆ ದನಿ ತಗ್ಗಿಸಿ, ನೆಂಟರ ಮನೆಗೆ ಹೊರಡುವ ಮುಂಚೆ ಕೇಳುವ ಹಾಗೆ, ನನ್ನನ್ನು ಕೇಳಿದಳು.

"ಮಗಳ ಪರೀಕ್ಷೆ ಎಲ್ಲಾ ಮುಗೀಲಿ. ಏಪ್ರಿಲ್‌ನಲ್ಲಿ ಒಂದಷ್ಟು ದಿನ ಬಂದಿದ್ದು ಹೋದ್ರೆ ನಿಮಗೆ ತೊಂದ್ರೆ ಆಗಲ್ಲ ತಾನೇ?"